ಲಕ್ಷ ಕೋಳಿಗಳ ಮೊಟ್ಟೆ ಫಾರಂ ಊರ ಪಕ್ಕ ಬರಬಹುದಾ? ಪರ-ವಿರೋಧ

ಪರ: ಒಂದೇ ಸೂರಿನಡಿ ಇದ್ದರೆ ಹತೋಟಿ ಸುಲಭ

ಕೋಳಿ ಫಾರಂ ಅಂದ ಕೂಡಲೇ ಮೂಗು ಮುಚ್ಚಿಕೊಳ್ಳುವವರು ಮೊದಲು ಮೇವಿನ ಲೆಕ್ಕ ನೋಡಬೇಕು. ಕಾಡುಕೋಳಿ ವರ್ಷಕ್ಕೆ 10-15 ಮೊಟ್ಟೆ ಇಟ್ಟರೆ ಹೆಚ್ಚು. ಮೊಟ್ಟೆಗೆಂದೇ ಸಾಕುವ ಇವತ್ತಿನ ಲೇಯರ್ ಕೋಳಿ 300ರ ಆಸುಪಾಸು ಇಡುತ್ತದೆ. ಒಂದು ಕೆಜಿ ಮೊಟ್ಟೆಗೆ ಅದು ತಿನ್ನುವುದು ಸುಮಾರು ಎರಡು ಕೆಜಿ ಮೇವು. ಅಷ್ಟೇ ತೂಕದ ದನದ ಮಾಂಸಕ್ಕೆ ಬೇಕಾಗುವ ಜಮೀನು, ಅದರಿಂದ ಹೊರಡುವ ಹಸಿರುಮನೆ ಅನಿಲ ಇದರ ಎಷ್ಟೋ ಪಟ್ಟು.

ಮೇವಿನ ಮಾತು ಯಾಕೆ ಮೊದಲು ಅಂದರೆ, ಹಸಿರುಮನೆ ಅನಿಲದಲ್ಲಿ ಮೊಟ್ಟೆಯ ಪಾಲು ಏನಿದೆಯೋ ಅದರ ಹೆಚ್ಚಿನ ಭಾಗ ಶೆಡ್ಡಿನಲ್ಲಿ ಹುಟ್ಟುವುದಿಲ್ಲ. ಮೆಕ್ಕೆಜೋಳ, ಸೋಯಾ ಬೆಳೆಯುವ ಹೊಲದಲ್ಲಿ ಹುಟ್ಟುತ್ತದೆ. ಬಯಲಲ್ಲಿ ಓಡಾಡುವ ಕೋಳಿ ನೋಡೋಕೆ ಚೆಂದ, ನಿಜ. ಆದರೆ ಓಡಾಟಕ್ಕೂ ಮೈ ಬೆಚ್ಚಗಿಡೋಕೂ ಮೇವು ಬೇಕಲ್ವಾ? ಅಷ್ಟೇ ಮೊಟ್ಟೆಗೆ ಅದು ಜಾಸ್ತಿ ತಿನ್ನುತ್ತದೆ, ಜಾಗವನ್ನೂ ಜಾಸ್ತಿ ಕೇಳುತ್ತದೆ.

ಇನ್ನು ಹಿಕ್ಕೆ. ಜಗಳ ಶುರುವಾಗುವುದೇ ಇಲ್ಲಿಂದ. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಭಾಗ ನೀರು. ನೊಣದ ಹುಳು ಬೆಳೆಯಲು ಆ ತೇವ ಬೇಕು. ಅಮೋನಿಯಾ ಹುಟ್ಟಿ ಮೂಗಿಗೆ ಬಡಿಯಲೂ ಅದೇ ತೇವ ಬೇಕು. ಹೊಸ ಶೆಡ್ಡುಗಳಲ್ಲಿ ಕೇಜಿನ ಕೆಳಗೆ ಬೆಲ್ಟ್ ಓಡುತ್ತದೆ. ಹಿಕ್ಕೆ ಅದರ ಮೇಲೆ ಬಿದ್ದು, ಗಾಳಿಗೆ ಒಣಗಿ, ಕೊಳೆಯುವ ಮೊದಲೇ ಹೊರಗೆ ಹೋಗುತ್ತದೆ. ಒಣಗಿದ್ದು ಒಳ್ಳೆಯ ಗೊಬ್ಬರ. ಬಯಲಿಗೆ ಬಿಟ್ಟ ಕೋಳಿಗಳೋ, ಬಹಳ ದೂರ ಹೋಗದೆ ಶೆಡ್ಡಿನ ಬಾಗಿಲ ಹತ್ತಿರವೇ ಸುತ್ತುತ್ತವೆ. ಅಲ್ಲೇ ಹಿಕ್ಕೆ ಬೀಳುತ್ತದೆ, ಮಳೆ ಬಂದರೆ ಹಳ್ಳಕ್ಕೆ ಹರಿಯುತ್ತದೆ. ಅಲ್ಲಿಗೆ ಯಾವ ಬೆಲ್ಟ್ ಹಾಕುತ್ತೀರಿ?

ಮೇವಿನಲ್ಲೂ ಕೈಚಳಕ ಸಾಧ್ಯ. ಕಾಳುಗಳಲ್ಲಿರುವ ರಂಜಕದ ಬಹುಪಾಲು ಕೋಳಿಗೆ ಜೀರ್ಣವಾಗುವುದಿಲ್ಲ. ಫೈಟೇಸ್ ಎಂಬ ಕಿಣ್ವ ಬೆರೆಸಿದರೆ ಜೀರ್ಣವಾಗುತ್ತದೆ. ಆಗ ಹಿಕ್ಕೆಯ ಮೂಲಕ ಕೆರೆ ಸೇರಿ ಪಾಚಿ ಬೆಳೆಸುವ ರಂಜಕ ಕಡಿಮೆಯಾಗುತ್ತದೆ. ಸಾವಿರ ಕಡೆ ಚದುರಿದ ಸಾಕಣೆಯಲ್ಲಿ ಇದನ್ನೆಲ್ಲ ಅಳೆಯುವವರು ಯಾರು? ಒಂದು ದೊಡ್ಡ ಫಾರಂ ಆದರೆ ಅಧಿಕಾರಿ ಹೋಗಿ ಬಾಗಿಲು ತಟ್ಟಬಹುದು.

ಕೆಲಸ ಸಿಗುತ್ತದೆ, ಸುತ್ತಲಿನ ಮೆಕ್ಕೆಜೋಳಕ್ಕೆ ಗಿರಾಕಿ ಸಿಗುತ್ತದೆ. ಮಾಂಸ ಕೊಳ್ಳಲಾಗದ ಮನೆಗೂ ಪ್ರೋಟೀನ್ ಎಟುಕುತ್ತದೆ.

ವಿರೋಧ: ಆ ಲೆಕ್ಕದಲ್ಲಿ ಪಕ್ಕದ ಮನೆಯೇ ಇಲ್ಲ

ಮೇವಿನ ಲೆಕ್ಕ ಸರಿಯಾಗೇ ಇದೆ. ಅದನ್ನು ಒಪ್ಪಿಯೇ ಮಾತು ಶುರು ಮಾಡುತ್ತೇನೆ. ಆದರೆ ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ. ಲಕ್ಷ ಕೋಳಿಗೆ ದಿನಕ್ಕೆ 10 ಟನ್. ಹಬ್ಬಕ್ಕೂ ರಜೆ ಇಲ್ಲ.

ಬೆಲ್ಟ್ ಓಡುವವರೆಗೂ ಎಲ್ಲ ಚೆನ್ನ. ಮೋಟಾರ್ ಕೆಟ್ಟರೆ, ಕೋಳಿ ನೀರು ಕುಡಿಯುವ ನಿಪ್ಪಲ್ ಸೋರಿದರೆ, ಹಿಕ್ಕೆ ಮತ್ತೆ ಕೆಸರು. ಬಿಸಿ ಹವೆಯಲ್ಲಿ ನೊಣದ ಮೊಟ್ಟೆ ಏಳರಿಂದ ಹತ್ತು ದಿನಕ್ಕೆ ರೆಕ್ಕೆ ಬಿಚ್ಚಿ ಹಾರುತ್ತದೆ. ಬೆಲ್ಟೇ ಇಲ್ಲದ ಶೆಡ್ಡುಗಳೂ ಬೇಕಾದಷ್ಟಿವೆ. ಅಲ್ಲಿ ಹಿಕ್ಕೆ ಕೇಜಿನಡಿ ತಿಂಗಳುಗಟ್ಟಲೆ ಗುಡ್ಡೆಯಾಗುತ್ತದೆ. ಬೆಲ್ಟಿನ ಖರ್ಚು ಮಾಲೀಕನದು, ನೊಣ ಪಕ್ಕದ ಮನೆಯ ಅನ್ನದ ತಟ್ಟೆಗೆ. ಮೇವು ದುಬಾರಿಯಾದಾಗ ಯಾವ ಖರ್ಚಿಗೆ ಮೊದಲು ಕತ್ತರಿ ಬೀಳುತ್ತದೆ ಅಂತ ನೀವೇ ಊಹಿಸಿ.

ಒಣಗಿಸಿದ್ದು ಒಳ್ಳೆಯ ಗೊಬ್ಬರ ಅಂದರು. ನಿಜ, ಆದರೆ ತೂಕ ಜಾಸ್ತಿ, ಬೆಲೆ ಕಡಿಮೆ. ದೂರ ಸಾಗಿಸಿದರೆ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಹಾಗಾಗಿ ಅದೇ ನಾಲ್ಕು ಹೊಲಕ್ಕೆ ವರ್ಷ ವರ್ಷವೂ ಸುರಿಯುತ್ತಾರೆ. ಬೆಳೆ ಹೀರಿಕೊಂಡು ಉಳಿದ ಸಾರಜನಕ ನೈಟ್ರೇಟ್ ಆಗಿ ಮಳೆನೀರಿನ ಜೊತೆ ಕೆಳಗಿಳಿದು ಬಾವಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚಿನ ಅಪಾಯ ಆ ನೀರಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಎಳೆಗೂಸಿಗೆ. ಅದರ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗುತ್ತದೆ, ಮೈ ನೀಲಿಗಟ್ಟುತ್ತದೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಾಯಿ ಜೋಪಾನವಾಗಿ ನೀರು ಕುದಿಸಿದರೆ ಅದು ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ನೊಣ ಕಂಡರೆ ಜನ ಕೂಗಾಡುತ್ತಾರೆ, ಇದಕ್ಕೆ ಯಾರೂ ಕೂಗುವುದಿಲ್ಲ.

ಕೆಲಸ ಸಿಗುತ್ತದೆ ಅನ್ನುವ ಮಾತು ನನಗೆ ಅರ್ಥವಾಗಲಿಲ್ಲ. ಹಿಕ್ಕೆಯನ್ನು ಬೆಲ್ಟ್ ನೋಡಿಕೊಳ್ಳುತ್ತದೆ ಅಂತ ಹೊಗಳಿದವರೇ ಉದ್ಯೋಗದ ಮಾತೂ ಆಡುತ್ತಾರೆ. ಅಂಥ ಶೆಡ್ಡಿಗೆ ಕೆಲವೇ ಜನ ಸಾಕು. ಅವರೂ ದಿನವಿಡೀ ಪುಕ್ಕದ ದೂಳು, ಅಮೋನಿಯಾ ಕುಡಿಯುತ್ತಾ ಕಣ್ಣುರಿ, ಕೆಮ್ಮು ಹೊತ್ತು ಮನೆಗೆ ಹೋಗುತ್ತಾರೆ.

ಇನ್ನು ಒಂದೇ ಸೂರಿನ ಮಾತು. ಹಕ್ಕಿಜ್ವರವನ್ನು ತರುವುದು ಹೆಚ್ಚಾಗಿ ಕಾಡು ನೀರುಹಕ್ಕಿಗಳು. ಬಯಲಿನ ಕೋಳಿಗೆ ಅದು ಬೇಗ ತಗಲುತ್ತದೆ, ಒಪ್ಪುತ್ತೇನೆ. ಆದರೆ ಮುಚ್ಚಿದ ಶೆಡ್ಡಿಗೂ ಅದು ನುಗ್ಗಿದೆ. ಅಮೆರಿಕದಲ್ಲಿ 2022ರಿಂದೀಚೆಗೆ 10 ಕೋಟಿಗೂ ಹೆಚ್ಚು ಸಾಕುಹಕ್ಕಿಗಳು ಇದರಿಂದ ಸತ್ತವು ಅಥವಾ ಕೊಲ್ಲಲ್ಪಟ್ಟವು. ಅವುಗಳಲ್ಲಿ ಹೆಚ್ಚಿನವು ಮೊಟ್ಟೆ ಕೋಳಿಗಳೇ. ಒಂದು ಶೆಡ್ಡಿಗೆ ರೋಗ ಬಂದರೆ ಇಡೀ ಫಾರಮ್ಮಿನ ಕೋಳಿ ಮುಗಿಸಬೇಕು. ಅಷ್ಟೂ ಹೆಣಗಳ ಗುಂಡಿ ತೋಡುವುದು ಎಲ್ಲಿ? ಅದೇ ಊರಲ್ಲಿ. 2010ರಲ್ಲಿ ಅಮೆರಿಕದ ಐಯೋವಾ ರಾಜ್ಯದಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕಾಣಿಸಿಕೊಂಡಾಗ 50 ಕೋಟಿಗೂ ಹೆಚ್ಚು ಮೊಟ್ಟೆ ವಾಪಸ್ ಕರೆಸಬೇಕಾಯಿತು. ಅಷ್ಟೂ ಬಂದದ್ದು ಎರಡೇ ಕಂಪನಿಗಳಿಂದ.

ಕೇಜಿನ ವಿಷಯ ಪರಿಸರದ್ದಲ್ಲ ಅನ್ನಬಹುದು, ಆದರೂ ಬಿಡಲು ಮನಸ್ಸಾಗದು. ಯುರೋಪ್ ಒಕ್ಕೂಟ 2012ರಲ್ಲಿ ನಿಷೇಧಿಸಿದ ಹಳೆ ಕೇಜಿನಲ್ಲಿ ಒಂದು ಕೋಳಿಗಿದ್ದ ಜಾಗ 550 ಚದರ ಸೆಂಟಿಮೀಟರ್. ಒಂದು ಎ4 ಹಾಳೆ ಅದಕ್ಕಿಂತ ದೊಡ್ಡದು.

ಅನುಮತಿ ಕೇಳಿ ಬರುವವರು ಎಷ್ಟು ಕೋಳಿ, ಎಷ್ಟು ಮೊಟ್ಟೆ ಅಂತ ಪಟಪಟ ಹೇಳುತ್ತಾರೆ. ನಾನು ಕೇಳುವುದು ಬೇರೆ. ದಿನದ ಆ 10 ಟನ್ ಯಾರ ಹೊಲಕ್ಕೆ ಹೋಗುತ್ತದೆ? ಆ ಹೊಲದ ಪಕ್ಕದ ಬಾವಿ ನೀರನ್ನು ಪರೀಕ್ಷೆಗೆ ಕಳಿಸುವ ಖರ್ಚು ಯಾರದು? ಇದನ್ನು ಮೊದಲೇ ಬರೆದುಕೊಡಲಿ. ಶೆಡ್ಡಿನ ನಕ್ಷೆ ಆಮೇಲೆ ನೋಡೋಣ.