ಕುಡಿಕೆ ಹೊನ್ನು, ಎರಡು ಕೋಡುಬಳೆ

ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಫೋನು ಟಿಣ್ ಅಂದಿತು. ಆ ಹೊತ್ತಿನಲ್ಲಿ ಫೋನು ಸದ್ದು ಮಾಡಿದರೆ ಯಾರಿಗೋ ಏನೋ ಆಯಿತು ಅಂತ ಎದೆ ಧಸಕ್ ಅನ್ನುವ ವಯಸ್ಸು ನನ್ನದು. ಒಲೆ ಬಿಟ್ಟು ಓಡಿ, ಕನ್ನಡಕ ಹುಡುಕಿ ನೋಡಿದರೆ, ನನ್ನ ಖಾತೆಗೆ 13 ರೂಪಾಯಿ 50 ಪೈಸೆ ಜಮಾ ಆಗಿತ್ತು. ಡಿವಿಡೆಂಡ್! ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಇಳಿದಿತ್ತು. ಹಾಲಿನ ರೇಟು ಈಗ ಎಷ್ಟು ಅಂತ ನಿಮಗೇ ಗೊತ್ತು. ಅವತ್ತಿನ ಮಟ್ಟಿಗೆ ಆ ಕಂಪನಿ ನನಗೆ ನಷ್ಟವನ್ನೇ ಹಂಚಿತು.

ಇದನ್ನು ಚಿಕ್ಕಪ್ಪನ ಮೊಮ್ಮಗನ ಹತ್ತಿರ ಹೇಳಿಕೊಂಡೆ. ಅವನು ವೈಟ್‌ಫೀಲ್ಡ್ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಇನ್ನೂ ಮೂವತ್ತು ತುಂಬಿಲ್ಲ, ಆಗಲೇ ನಿವೃತ್ತಿಯ ಮಾತು. ನನ್ನ ಪಕ್ಕ ಕೂತು ಲ್ಯಾಪ್‌ಟಾಪ್ ತೆರೆದ. "ಅತ್ತೆ, ನೀವು ಷೇರು ಜಾಸ್ತಿ ಮಾಡ್ಕೋಬೇಕು ಅಷ್ಟೆ. ಡಿವಿಡೆಂಡ್‌ನಲ್ಲೇ ಜೀವನ ನಡೆಯತ್ತೆ. ಕಂಪನಿಗಳು ದುಡೀತವೆ, ನೀವು ಸುಮ್ನೆ ಕೂತಿದ್ರಾಯ್ತು." ಅವನು ನಲವತ್ತೈದಕ್ಕೇ ಕೂತುಬಿಡುತ್ತಾನಂತೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲೋ ಅಂದೆ. ಆ ಕಾಲದಲ್ಲಿ ಕುಡಿಕೆಗೆ ಯೀಲ್ಡ್ ಇರಲಿಲ್ಲ ಅತ್ತೆ ಅಂದ. ಯೀಲ್ಡ್ ಅಂದರೆ ಹೂಡಿದ ದುಡ್ಡಿಗೆ ವರ್ಷಕ್ಕೆ ಹುಟ್ಟುವ ಆದಾಯ. ಉತ್ತರ ಚೆನ್ನಾಗಿತ್ತು, ಒಪ್ಪಿಕೊಳ್ಳುತ್ತೇನೆ.

ಆದರೆ ನಾನು ಬದುಕೆಲ್ಲ ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕಳೆದವಳು. ಪಿಎಫ್‌ನವರು ಕೊಡುವ ಪಿಂಚಣಿ ಬರುತ್ತದೆ. ಅದರ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ. ನನ್ನದು ಅದಕ್ಕಿಂತ ಜಾಸ್ತಿ, ಆದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಷ್ಟಲ್ಲ. ಹಾಗಾಗಿ ಯಾರಾದರೂ ಸುಮ್ಮನೆ ಕೂತು ತಿನ್ನುವ ದಾರಿ ಹೇಳಿದರೆ ಕಿವಿ ನೆಟ್ಟಗಾಗುತ್ತದೆ, ಕೈ ತಾನಾಗಿ ಪೆನ್ನು ಹುಡುಕುತ್ತದೆ. ಷೇರುಪೇಟೆಯ ಸೂಚ್ಯಂಕ ನಿಫ್ಟಿಯಲ್ಲಿರುವ ಐವತ್ತು ದೊಡ್ಡ ಕಂಪನಿಗಳನ್ನು ಒಟ್ಟಿಗೆ ಹಿಡಿದರೆ, ಹೂಡಿದ ನೂರು ರೂಪಾಯಿಗೆ ವರ್ಷಕ್ಕೆ ಬರುವ ಡಿವಿಡೆಂಡ್ ಒಂದೂಕಾಲು ರೂಪಾಯಿ ಆಸುಪಾಸು. ತಿಂಗಳಿಗೆ 50,000 ಬೇಕಾದರೆ ವರ್ಷಕ್ಕೆ 6 ಲಕ್ಷ. ಅಂದರೆ 4 ಕೋಟಿ 80 ಲಕ್ಷ ಹೂಡಿರಬೇಕು. ಅಷ್ಟು ದುಡ್ಡಿದ್ದವಳು ಬೆಳಿಗ್ಗೆ ಎದ್ದು ತಾನೇ ಯಾಕೆ ಹಾಲು ಕಾಯಿಸುತ್ತಾಳೆ?

"ಅಯ್ಯೋ, ಜಾಸ್ತಿ ಕೊಡೋ ಕಂಪನಿ ಹುಡುಕ್ಬೇಕು ಅತ್ತೆ" ಅಂದ. ಹುಡುಕಿದೆವು. ವೇದಾಂತ ಕಂಪನಿ 2022-23ರಲ್ಲಿ ಷೇರಿಗೆ 101 ರೂಪಾಯಿ 50 ಪೈಸೆ ಕೊಟ್ಟಿತ್ತು. ಹುಡುಗನ ಕಣ್ಣು ಅರಳಿತು. ಮುಂದಿನ ವರ್ಷ ಎಷ್ಟು ಅಂತ ನೋಡಪ್ಪ ಅಂದೆ. 29 ರೂಪಾಯಿ 50 ಪೈಸೆ. ಮನೆ ಓನರಿಗೆ, ಔಷಧಿ ಅಂಗಡಿಯವನಿಗೆ ಈ ವರ್ಷ ಮೂರನೇ ಒಂದು ಭಾಗಕ್ಕಿಂತ ಕಡಿಮೆ ತಗೊಳ್ಳಿ ಅಂತ ಹೇಳೋಕಾಗುತ್ತದಾ? ಬ್ಯಾಂಕ್ ಷೇರಾದರೆ ಗಟ್ಟಿ ಅಂದ. ಮಂಗಳೂರು, ಉಡುಪಿ ಕಡೆ ಬ್ಯಾಂಕ್ ಷೇರನ್ನು ಹಿತ್ತಲ ತೆಂಗಿನ ಮರದ ಹಾಗೆ ಮಕ್ಕಳಿಗೆ ಬಿಟ್ಟುಹೋಗುವ ಮನೆಗಳಿವೆ, ನಿಜ. ಆದರೆ 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಮಾರ್ಚಿಗೆ ಮುಗಿದ ವರ್ಷದ ಲಾಭದಿಂದ ಯಾರೂ ಇನ್ನು ಡಿವಿಡೆಂಡ್ ಕೊಡಕೂಡದು ಅಂತ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೂ ಹೇಳಿಬಿಟ್ಟಿತು. ಇನ್ನು ಟೈರು ಮಾಡುವ ಎಂಆರ್‌ಎಫ್. 2023ರ ಜೂನ್‌ನಲ್ಲಿ ಅದರ ಒಂದು ಷೇರು ಲಕ್ಷ ರೂಪಾಯಿ ದಾಟಿತು. ವರ್ಷದ ನಡುವೆ ಅದು ಕೊಡುವ ಡಿವಿಡೆಂಡ್ ಷೇರಿಗೆ 3 ರೂಪಾಯಿ. ಪ್ರಕಟಣೆಯಲ್ಲಿ ಶೇಕಡಾ 30 ಅಂತಿರುತ್ತದೆ! ಲೆಕ್ಕ ಹಾಕುವುದು ಷೇರಿನ ಮೇಲೆ ಬರೆದಿರುವ 10 ರೂಪಾಯಿ ಮುಖಬೆಲೆಯ ಮೇಲೆ, ನೀವು ಕೊಟ್ಟ ಲಕ್ಷದ ಮೇಲಲ್ಲ. ವರ್ಷದ ಕೊನೆಗೆ ದೊಡ್ಡದಾಗಿಯೇ ಕೊಡುತ್ತಾರೆ, ಸುಳ್ಳು ಹೇಳಬಾರದು. ಆದರೂ ಲಕ್ಷಕ್ಕೆ ಮೂರು ರೂಪಾಯಿ ಕೊಟ್ಟು ಮೂವತ್ತು ಪರ್ಸೆಂಟ್ ಅನ್ನುವ ಧೈರ್ಯ ನನಗೆ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರಲಿಲ್ಲ.

ಸುಮ್ಮನೆ ಕೂರುವುದು ಅನ್ನುತ್ತಾರಲ್ಲ, ಆ ಮಾತಿಗೇ ನನಗೆ ಉರಿಯುತ್ತದೆ. ಸುಮ್ಮನೆ ಕೂತು ನೋಡಲಿ. ಏಳು ವರ್ಷ ಸತತವಾಗಿ ಡಿವಿಡೆಂಡ್ ಕೇಳಿ ಪಡೆಯದಿದ್ದರೆ ಆ ದುಡ್ಡೂ ಹೋಗುತ್ತದೆ, ಅದರ ಹಿಂದಿನ ಷೇರೂ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ. ಮತ್ತೆ ವಾಪಸ್ ತರಬೇಕಾದರೆ ಫಾರಂ, ಅಫಿಡವಿಟ್, ಇಪ್ಪತ್ತು ವರ್ಷದ ಹಿಂದಿನ ಸಹಿ. ನನ್ನ ಇಪ್ಪತ್ತು ವರ್ಷದ ಹಿಂದಿನ ಸಹಿ ನನಗೇ ಗುರುತು ಸಿಗುವುದಿಲ್ಲ. 2020ರ ಏಪ್ರಿಲ್‌ನಿಂದ ತೆರಿಗೆಯೂ ನಮ್ಮ ತಲೆಯ ಮೇಲೇ. ಮೊದಲು ಕಂಪನಿಯೇ ಕಟ್ಟಿ ಮಿಕ್ಕಿದ್ದು ಕೊಡುತ್ತಿತ್ತು. ಈಗ ಹದಿಮೂರೂವರೆ ರೂಪಾಯಿಯೂ ನನ್ನ ರಿಟರ್ನ್ಸ್‌ನಲ್ಲಿ ಒಂದು ಸಾಲು.

ಇಷ್ಟಾದರೂ, ಡಿವಿಡೆಂಡ್ ತಿಂದು ನಿವೃತ್ತಿ ಅನುಭವಿಸಿದ ಒಬ್ಬರನ್ನು ನಾನು ಕಂಡಿದ್ದೇನೆ. ತಿಂದು ಅಂದರೆ ನಿಜವಾಗಿಯೂ ತಿಂದು. ಇದೇ ಹುಡುಗನ ತಾತ, ನಮ್ಮ ಚಿಕ್ಕಪ್ಪ.

ಚಿಕ್ಕಪ್ಪ ತುಮಕೂರಿನಲ್ಲಿ ಹೈಸ್ಕೂಲ್ ಗಣಿತದ ಮೇಷ್ಟ್ರು. ಅವರು ರಿಟೈರ್ ಆಗುವ ಹೊತ್ತಿಗೆ ಡಿಮ್ಯಾಟ್, ಅಂದರೆ ಷೇರನ್ನು ಕಾಗದದ ಬದಲು ಕಂಪ್ಯೂಟರ್ ಖಾತೆಯಲ್ಲಿ ಇಡುವ ವ್ಯವಸ್ಥೆ, ಬಂದಿತ್ತು. ಅದಕ್ಕೆ ಮೊದಲು ಷೇರನ್ನು ಐವತ್ತೋ ನೂರೋ ಅಂತ ಗಂಟಿನಲ್ಲೇ ಕೊಳ್ಳಬೇಕಿತ್ತು. ಈಗ ಒಂದೇ ಒಂದು ಷೇರನ್ನೂ ಕೊಳ್ಳಬಹುದು. ಕಂಪನಿಯಲ್ಲಿ ಒಂದು ಷೇರು ಇದ್ದವನೂ ಮಾಲೀಕನೇ, ಮಾಲೀಕನನ್ನು ವಾರ್ಷಿಕ ಸಭೆಗೆ ಕರೆಯಲೇಬೇಕು, ಕರೆದವರಿಗೆ ತಿಂಡಿ ಕೊಡದೆ ಕಳಿಸುವುದು ನಮ್ಮ ಕಡೆ ಸಂಪ್ರದಾಯವಲ್ಲ. ಈ ಮೂರು ವಾಕ್ಯವನ್ನು ಚಿಕ್ಕಪ್ಪ ಒಂದರ ಕೆಳಗೊಂದು ಬರೆದು, ಕೊನೆಗೆ 'ಆದ್ದರಿಂದ' ಅಂತ ಸಾಧಿಸಿದರು. ಬೆಂಗಳೂರಿನಲ್ಲಿ ಸಭೆ ನಡೆಸುವ ಕಂಪನಿಗಳನ್ನೇ ಆರಿಸಿ ಒಂದೊಂದು ಷೇರು ಕೊಂಡರು. ಚಿಕ್ಕಮ್ಮನ ಹೆಸರಿನಲ್ಲೂ ಒಂದೊಂದು.

ಮಾರ್ಚಿಗೆ ಲೆಕ್ಕ ಮುಗಿಸುವ ಕಂಪನಿಗಳು ಸೆಪ್ಟೆಂಬರ್ 30ರೊಳಗೆ ಸಭೆ ನಡೆಸಬೇಕು. ಹಾಗಾಗಿ ಸಭೆಗಳೆಲ್ಲ ಜುಲೈನಿಂದ ಸೆಪ್ಟೆಂಬರ್‌ಗೆ ಬಂದು ಬೀಳುತ್ತವೆ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲೂ ಇಲ್ಲ. ಊಟದ ಕರೆ ನಿಂತುಹೋಗುವ ದಿನಗಳಲ್ಲೇ ಕಂಪನಿಗಳ ಕರೆ ಬರುವುದನ್ನು ಚಿಕ್ಕಪ್ಪ ದೈವಸಂಕಲ್ಪ ಅನ್ನುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ವಾರ್ಷಿಕ ವರದಿ. ಬೆಳಗಿನ ಬಸ್ಸಿನಲ್ಲಿ ಅದನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದರು. ಕೂಡಿದ ಲೆಕ್ಕದಲ್ಲಿ ತಪ್ಪು ಸಿಗುತ್ತದಾ ಅಂತ.

ಚಿಕ್ಕಮ್ಮ ಸಭೆಗೆ ಬರುತ್ತಿರಲಿಲ್ಲ. ಅದಕ್ಕೆ ಪ್ರಾಕ್ಸಿ ಇದೆ, ಅಂದರೆ ಷೇರುದಾರರ ಬದಲಿಗೆ ಹೋಗುವ ಪ್ರತಿನಿಧಿ. ಫಾರಂಗೆ ರೆವಿನ್ಯೂ ಸ್ಟಾಂಪ್ ಅಂಟಿಸಿ, ಸಹಿ ಮಾಡಿಸಿ, ಸಭೆಗೆ 48 ಗಂಟೆ ಮೊದಲು ಕಂಪನಿಯ ಆಫೀಸಿಗೆ ಮುಟ್ಟಿಸಬೇಕು. ಅಂಚೆಯವರ ಮೇಲೆ ಚಿಕ್ಕಪ್ಪನಿಗೆ ನಂಬಿಕೆ ಇಲ್ಲ. ಎರಡು ದಿನ ಮೊದಲೇ ಬೆಂಗಳೂರಿಗೆ ಹೋಗಿ, ಕೊಟ್ಟು, ಮೊಹರು ಹಾಕಿಸಿಕೊಂಡು ಬರುತ್ತಿದ್ದರು. ಸಭೆಯ ದಿನ ಮತ್ತೆ ಬಸ್ಸು. ತಿಂಡಿಯ ಎರಡನೇ ಪೊಟ್ಟಣ ಹಾಗೆ ಬರುತ್ತಿತ್ತು. ಪ್ರಾಕ್ಸಿಯಾಗಿ ಬಂದವನಿಗೆ ಸಭೆಯಲ್ಲಿ ಮಾತಾಡುವ ಹಕ್ಕಿಲ್ಲ ಅನ್ನುತ್ತದೆ ಕಾನೂನು. ಚಿಕ್ಕಮ್ಮನ ಪರವಾಗಿ ಚಿಕ್ಕಪ್ಪ ಮಾತಾಡಕೂಡದು ಅಂತ ಪಾರ್ಲಿಮೆಂಟೇ ಹೇಳಿದ್ದು ಕೇಳಿ ಚಿಕ್ಕಮ್ಮನಿಗೆ ಬಹಳ ಸಂತೋಷವಾಗಿತ್ತು.

ಆದರೆ ತಮ್ಮ ಷೇರಿನ ಪರವಾಗಿ ಅವರು ಏಳದ ಸಭೆ ಇಲ್ಲ. ಮೊದಲು ವರದಿಯನ್ನು ಹೊತ್ತಿಗೆ ಸರಿಯಾಗಿ ಕಳಿಸಿದ ಸೆಕ್ರೆಟರಿಯವರಿಗೆ ವಂದನೆ. ಆಮೇಲೆ ಇಂಥ ಪುಟ, ಇಂಥ ಟಿಪ್ಪಣಿ ಅಂತ ಒಂದು ಪ್ರಶ್ನೆ. ಕನ್ನಡದಲ್ಲಿ ಕೇಳುತ್ತಿದ್ದರು, ಅಧ್ಯಕ್ಷರು ಇಂಗ್ಲಿಷಿನಲ್ಲಿ ನಗುತ್ತಿದ್ದರು. ಕೊನೆಯಲ್ಲಿ ಪೊಟ್ಟಣದ ವಿಚಾರ. "ಹೋದ ವರ್ಷ ಎರಡು ಕೋಡುಬಳೆ, ಒಂದು ಮೈಸೂರು ಪಾಕು ಇತ್ತು. ಈ ವರ್ಷ ಚಿಪ್ಸು. ಕಂಪನಿ ಕಷ್ಟದಲ್ಲಿದೆಯಾ?" ಇದು ತಮಾಷೆಯಲ್ಲ. ಮನೆಯಲ್ಲಿ ಒಂದು ಉದ್ದ ನೋಟ್‌ಬುಕ್ ಇತ್ತು. ಕಂಪನಿಯ ಹೆಸರು, ಡಿವಿಡೆಂಡ್, ತಿಂಡಿ, ಷರಾ ಅಂತ ನಾಲ್ಕು ಕಾಲಂ. ಷರಾದಲ್ಲಿ 'ಬೋಂಡಾ ತಣ್ಣಗಿತ್ತು, ಆಡಳಿತ ಸಡಿಲ' ಅಂತ ಬರೆದಿದ್ದನ್ನು ನಾನೇ ಓದಿದ್ದೇನೆ. ಆ ಕಂಪನಿಯ ಷೇರು ಮಾರಿಬಿಟ್ಟರು, ಎರಡೂ. ಕೆಲವು ಕಂಪನಿಗಳು ಉಡುಗೊರೆಯನ್ನೂ ಕೊಡುತ್ತಿದ್ದವು. ಚಿಕ್ಕಮ್ಮನ ಅಡುಗೆಮನೆಯಲ್ಲಿ ತೊಗರಿಬೇಳೆ ತುಂಬಿದ ಸ್ಟೀಲ್ ಡಬ್ಬಿಯ ಮೇಲೆ ಈಗಲೂ ಒಂದು ಕಂಪನಿಯ ಮುದ್ರೆ ಇದೆ.

2015ರ ಜುಲೈ 1ಕ್ಕೆ ಅದಕ್ಕೂ ಕಲ್ಲು ಬಿತ್ತು. ಸಭೆಗೆ ಬಂದವರಿಗೆ ಉಡುಗೊರೆ, ಕೂಪನ್, ಅದರ ಬದಲು ನಗದು ಯಾವುದೂ ಕೊಡಕೂಡದು ಅಂತ ಕಂಪನಿ ಸೆಕ್ರೆಟರಿಗಳ ನಿಯಮ ಬಂತು. ಬೋಂಡಾ ಉಡುಗೊರೆಯೋ ಆತಿಥ್ಯವೋ ಅನ್ನುವುದರ ಮೇಲೆ ಚಿಕ್ಕಪ್ಪ ಎರಡು ಪುಟದ ಪತ್ರ ಬರೆದರು. ಅಲ್ಲೇ ತಿಂದರೆ ಆತಿಥ್ಯ, ಮನೆಗೆ ತಂದರೆ ಉಡುಗೊರೆ ಅನ್ನುವುದು ಅವರ ವಾದ. ಹಾಗಾಗಿ ಅಲ್ಲೇ ತಿನ್ನತೊಡಗಿದರು, ಚಿಕ್ಕಮ್ಮನ ಪಾಲನ್ನೂ. ಆಮೇಲೆ 2020. ಸಭೆಗಳು ವೀಡಿಯೊದಲ್ಲಿ ನಡೆಯತೊಡಗಿದವು. ಮಾತಾಡುವವರು ಮೊದಲೇ ಹೆಸರು ಕೊಡಬೇಕು. ಮೊಮ್ಮಗ ಕೊಟ್ಟ. ಚಿಕ್ಕಪ್ಪ ಅದೇ ಬಿಳಿ ಷರಟು ಹಾಕಿ ಲ್ಯಾಪ್‌ಟಾಪ್ ಮುಂದೆ ಕೂತರು. ಹೆಸರು ಕರೆದರು. ಇವರು ಎದ್ದು ನಿಂತರು, ಪರದೆಯ ಮೇಲೆ ಷರಟಿನ ಗುಂಡಿ ಮಾತ್ರ ಉಳಿಯಿತು. ಸೆಕ್ರೆಟರಿಗೆ ವಂದನೆ ಹೇಳಿ, ಪುಟದ ಸಂಖ್ಯೆ ಹೇಳಿ, ಪ್ರಶ್ನೆ ಅರ್ಧ ಕೇಳಿದ್ದರು. ನಿಮ್ಮ ಧ್ವನಿ ಕೇಳಿಸುತ್ತಿಲ್ಲ, ಮುಂದಿನವರು ಬನ್ನಿ ಅಂತ ಆ ಕಡೆಯಿಂದ ಬಂತು. ಈಗ ಚಿಕ್ಕಪ್ಪನಿಗೆ ಎಂಬತ್ತು ದಾಟಿದೆ. ಆ ಕಂಪನಿಯ ವಿಷಯ ಎತ್ತಿದರೆ ಈಗಲೂ ಊಟ ಅರ್ಧಕ್ಕೆ ಬಿಡುತ್ತಾರೆ.

ಡಿವಿಡೆಂಡಿನ ಬಗ್ಗೆ ಏನೋ ದೊಡ್ಡದು ಹೇಳಬೇಕು ಅಂತ ಶುರು ಮಾಡಿದ್ದೆ, ಚಿಕ್ಕಪ್ಪನ ಪೊಟ್ಟಣದಲ್ಲಿ ಅದು ಎಲ್ಲೋ ಸಿಕ್ಕಿಕೊಂಡಿತು. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 2023ರಲ್ಲಿ 30 ಲಕ್ಷಕ್ಕೆ ಏರಿಸಿದರು. ಶೇಕಡಾ 8.2ರ ಬಡ್ಡಿಯಲ್ಲಿ ಅಷ್ಟಕ್ಕೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಇದನ್ನು ಹೇಳಿದರೆ ಹುಡುಗ ಮುಖ ಸಿಂಡರಿಸುತ್ತಾನೆ. ಅದು ಬೆಳೆಯಲ್ಲ ಅತ್ತೆ ಅನ್ನುತ್ತಾನೆ. ಬೆಳೆಯುವುದಿಲ್ಲ, ಸರಿ. ಕಂಪನಿ ಬೆಳೆದರೆ ಡಿವಿಡೆಂಡೂ ಬೆಳೆಯುತ್ತದೆ, ಅದೂ ಸರಿ. ಬೆಳೆಯುವವರೆಗೆ ಕಾಯುವ ವಯಸ್ಸು ಅವನದು.

ಹೋದ ತಿಂಗಳು ತುಮಕೂರಿಗೆ ಹೋಗಿದ್ದಾಗ ಅವನು ತಾತನ ನೋಟ್‌ಬುಕ್ ಹೊರಗೆ ತೆಗೆದ. ಇಷ್ಟು ವರ್ಷದ್ದು ಎಲ್ಲ ಹಾಕಿ ತಾತನ ನಿಜವಾದ ಯೀಲ್ಡ್ ಕಂಡುಹಿಡೀತೀನಿ, ಕೋಡುಬಳೆಗೂ ಅಂಗಡಿ ರೇಟು ಹಿಡೀತೀನಿ ಅಂತ ಕೂತ. ಚಿಕ್ಕಪ್ಪ ಖುಷಿಯಲ್ಲಿ ಒಂದೊಂದೇ ಸಾಲು ಓದಿ ಹೇಳತೊಡಗಿದರು. ಚಿಕ್ಕಮ್ಮ ಒಳಗಿಂದ ಕೂಗಿದರು: "ಹಾಕು ಕಣೋ, ಚೆನ್ನಾಗಿ ಹಾಕು. ಬಸ್ ಚಾರ್ಜು ಕಳೀ. ಒಂದು ಸಲಕ್ಕೆ ಎರಡೆರಡು ಸಲ ಹೋಗಿದಾರೆ, ಎರಡೂ ಕಳೀ. ಇಸ್ತ್ರೀದು ಬೇರೆ!"

ಚಿಕ್ಕಪ್ಪ ನೋಟ್‌ಬುಕ್ ಮುಚ್ಚಿ, ಲೈಟ್ ಬಿಲ್ ಕಟ್ಟೋದಿದೆ ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.