ಇದು ಕಣ್ತಪ್ಪಲ್ಲ, ಎಣಿಕೆಯ ತಪ್ಪು

ಅಮೆರಿಕದ ಕಾಲೇಜು ತಂಡಗಳಾದ ಕೊಲೊರಾಡೊ–ಮಿಸೌರಿ ನಡುವಿನ 1990ರ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಬಗ್ಗೆ ಬರೆಯುತ್ತಾ 'ರೆಫರಿ ತಪ್ಪೂ ಆಟದ ಭಾಗ, ಮರೆತುಬಿಡಿ' ಅಂದಿದ್ದೀರಿ. ಒಪ್ಪೋಕಾಗಲ್ಲ ಸರ್. ಚೆಂಡು ಗೆರೆ ದಾಟಿತೋ ಇಲ್ಲವೋ ಅನ್ನೋದರಲ್ಲಿ ಕಣ್ಣು ತಪ್ಪಬಹುದು, ಅದನ್ನು ಕ್ಷಮಿಸೋಣ. ಇಲ್ಲಿ ತಪ್ಪಿದ್ದು ಎಣಿಕೆ! ಕೊಲೊರಾಡೊದ ಎರಡನೇ ಡೌನ್ (ಚೆಂಡನ್ನು ಮುಂದೊಯ್ಯಲು ತಂಡಕ್ಕೆ ಸಿಗುವ ಒಂದು ಅವಕಾಶ) ಮುಗಿದು ಟೈಮ್‌ಔಟ್ ಆಯಿತು; ಅಂಚಿನಲ್ಲಿ ಡೌನ್ ಎಷ್ಟನೆಯದು ಅಂತ ತೋರಿಸುವ ಕೋಲು ಹಿಡಿದು ನಿಂತವರು ಅಂಕಿಯನ್ನು ಎರಡರಿಂದ ಮೂರಕ್ಕೆ ತಿರುಗಿಸಲೇ ಇಲ್ಲ. ಮೈದಾನದಲ್ಲಿದ್ದ ಅಧಿಕಾರಿಗಳಲ್ಲಿ ಒಬ್ಬರೂ ತಿದ್ದಲಿಲ್ಲ. ನಾಲ್ಕೇ ಸಿಗಬೇಕಾದಲ್ಲಿ ಐದನೇ ಅವಕಾಶ, ಕೊನೇ ಗಳಿಗೆಯಲ್ಲಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸೋದು), ಕೊಲೊರಾಡೊಗೆ 33–31 ಗೆಲುವು. ಆ ವರ್ಷ ಸುದ್ದಿಸಂಸ್ಥೆ ಎಪಿಯ ಕಾಲೇಜು ತಂಡಗಳ ಶ್ರೇಯಾಂಕ ಪಟ್ಟಿಯಲ್ಲಿ ಕೊಲೊರಾಡೊನೇ ಚಾಂಪಿಯನ್. ಅಧಿಕಾರಿಗಳನ್ನು ಅಮಾನತು ಮಾಡಿದರು, ಫಲಿತಾಂಶ ಮಾತ್ರ ಹಾಗೇ ಉಳಿಯಿತು. ಮಿಸೌರಿ ಹುಡುಗರಿಗೆ ಇದನ್ನು ಮರೆಯಿರಿ ಅಂತ ಯಾವ ಬಾಯಲ್ಲಿ ಹೇಳೋದು?

1940ರಲ್ಲಿ ಕಾರ್ನೆಲ್ ಅನ್ನೋ ಇನ್ನೊಂದು ಕಾಲೇಜು ತಂಡ ಕೂಡ ಹೀಗೇ ಐದನೇ ಡೌನ್‌ನಲ್ಲಿ ಡಾರ್ಟ್‌ಮತ್ ವಿರುದ್ಧ ಗೆದ್ದಿತ್ತು. ಆಮೇಲೆ ಫಿಲ್ಮ್ ಹಾಕಿ ನೋಡಿದರು, ತಪ್ಪು ಕಂಡಿತು, ಗೆಲುವು ನಮಗೆ ಬೇಡ ಅಂತ ತಂತಿ ಕಳಿಸಿದರು. ದಾಖಲೆಯಲ್ಲಿ ಇವತ್ತಿಗೂ ಡಾರ್ಟ್‌ಮತ್ 3, ಕಾರ್ನೆಲ್ 0. ಅಲ್ಲಿಯತನಕ ಆ ಋತುವಿನಲ್ಲಿ ಸೋಲೇ ಕಾಣದ ತಂಡ ಕಾರ್ನೆಲ್. ನೆನೆದರೆ ಮೈ ಜುಮ್ಮೆನ್ನುತ್ತೆ. ನಿಮ್ಮ ಲೇಖನದಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲದ್ದು ನೋಡಿ ತುಂಬಾ ಬೇಜಾರಾಯಿತು.