ಕ್ಯಾನ್ಸರ್ ಆದರೆ ಸಾಲದಂತೆ, ಅಂಗವೇ ಹೋಗಬೇಕಂತೆ!

ಕೀಮೋ ಮುಗಿದು ತಿಂಗಳುಗಳೇ ಕಳೆದರೂ ಅಮ್ಮನ ಬೆರಳ ತುದಿಗಳಿಗೆ ಇನ್ನೂ ಸ್ಪರ್ಶ ಬಂದಿಲ್ಲ. ಆಪರೇಷನ್ನಲ್ಲಿ ಕಂಕುಳ ಗಂಟುಗಳನ್ನು ತೆಗೆದ ಕಡೆ ತೋಳು ಊದಿಕೊಂಡೇ ಇರುತ್ತೆ, ಭಾರ ಎತ್ತೋ ಹಾಗಿಲ್ಲ. ಹೊಲಿಗೆ ಹೊಲಿದು ನಮ್ಮನ್ನೆಲ್ಲ ಸಾಕಿದವಳಿಗೆ ಈಗ ಸೂಜಿಗೆ ದಾರ ಪೋಣಿಸೋಕಾಗಲ್ಲ. ಅಂಗವಿಕಲ ಸರ್ಟಿಫಿಕೇಟ್ ಕೇಳೋಕೆ ಹೋದರೆ, "ಕೈಕಾಲೆಲ್ಲ ಸರಿಯಾಗೇ ಇದೆಯಲ್ಲಮ್ಮಾ, ಕ್ಯಾನ್ಸರಿಗೆಲ್ಲ ಪರ್ಸೆಂಟೇಜ್ ಬರಲ್ಲ" ಅಂದುಬಿಟ್ಟರು. ತಲೆಯೆತ್ತಿ ಅವಳ ಮುಖ ಕೂಡ ನೋಡಲಿಲ್ಲ.

ಮನೆಗೆ ಬಂದು ಅಂಗವಿಕಲರ ಹಕ್ಕುಗಳ ಕಾಯ್ದೆ ಓದಿದೆ, ಹೊಟ್ಟೆ ಇನ್ನೂ ಉರಿಯಿತು. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ ಅದು 21 ಆಯಿತು. ರಕ್ತದ ಕಾಯಿಲೆಗಳಾದ ಹಿಮೋಫೀಲಿಯಾ, ಥಲಸ್ಸೀಮಿಯಾ, ನರದ ಕಾಯಿಲೆ ಪಾರ್ಕಿನ್ಸನ್ ಎಲ್ಲ ಸೇರಿದವು. ಸೇರಲೇಬೇಕಿತ್ತು, ನನ್ನ ತಕರಾರು ಅದಲ್ಲ. ಆದರೆ ಕ್ಯಾನ್ಸರ್ ಎಲ್ಲಿ? ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆದರೆ ಮಾತಿನ ವೈಕಲ್ಯ ಅಂತ ಒಪ್ಪುತ್ತಾರೆ, ಮೂಳೆ ಕ್ಯಾನ್ಸರಿಗೆ ಕಾಲು ಕತ್ತರಿಸಿದರೆ ಚಲನ ವೈಕಲ್ಯ ಅಂತ ಒಪ್ಪುತ್ತಾರೆ. ರೋಗ ಏನನ್ನಾದರೂ ಕಿತ್ತುಕೊಂಡು, ಆ ವೈಕಲ್ಯ ಇವರ ಲೆಕ್ಕದಲ್ಲಿ 40 ಪರ್ಸೆಂಟ್ ಮುಟ್ಟಿದರೇನೇ ಹೆಚ್ಚಿನ ಸವಲತ್ತುಗಳ ಬಾಗಿಲು ತೆರೆಯೋದು. ಸ್ಪರ್ಶವಿಲ್ಲದ ಬೆರಳು, ಎದ್ದು ನಾಲ್ಕು ಹೆಜ್ಜೆ ಇಡೋಕೂ ಬಿಡದ ಸುಸ್ತು, ಹೊಟ್ಟೆಗೆ ಅಂಟಿಸಿಕೊಂಡು ಓಡಾಡಬೇಕಾದ ಮಲದ ಚೀಲ, ಇವಕ್ಕೆ ಆ ಪಟ್ಟಿಯಲ್ಲಿ ಹೆಸರೇ ಇಲ್ಲ.

ಇದೇ ಸರ್ಕಾರದ ರೈಲ್ವೆ, ಚಿಕಿತ್ಸೆಗೆ ಹೋಗಿಬರೋ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ, ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಕೊಡುತ್ತೆ. ಆಸ್ಪತ್ರೆಗೆ ಹೋಗುವಾಗ ರೋಗಿ, ಅಂಗವಿಕಲರ ಪಿಂಚಣಿ ಕೇಳುವಾಗ ಗಟ್ಟಿಮುಟ್ಟಾದ ಹೆಂಗಸಾ?

ಅರ್ಜಿ ಹಾಕೋ ಹೊತ್ತಾದರೂ ಯಾವುದು ಹೇಳಿ. ಚಿಕಿತ್ಸೆ ನಡೀತಿದ್ದರೆ "ಮುಗಿಸಿಕೊಂಡು ಬನ್ನಿ", ಮುಗಿದರೆ "ಈಗ ಗುಣ ಆಗಿದೆಯಲ್ಲ". ರೋಗ ಮರುಕಳಿಸಿದವರಿಗೆ ಕ್ಯೂನಲ್ಲಿ ನಿಲ್ಲೋ ತ್ರಾಣವೇ ಇರಲ್ಲ. ಅಷ್ಟು ಹೊತ್ತಿಗೆ ದುಡಿಮೆ ನಿಂತು, ಒಡವೆ ಅಡವಿಟ್ಟಾಗಿರುತ್ತೆ.

ಸರ್ಕಾರಕ್ಕೆ ದಾರಿ ಇಲ್ಲ ಅಂತೇನಿಲ್ಲ. ಕಾಯ್ದೆಯ ಅನುಸೂಚಿಯ, ಅಂದರೆ ಆ ವೈಕಲ್ಯಗಳ ಪಟ್ಟಿಯ, ಕೊನೆಯಲ್ಲೇ ಇದೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಬೇರೆ ವೈಕಲ್ಯಗಳನ್ನೂ ಸೇರಿಸಬಹುದು ಅಂತ. ಕಾಯ್ದೆ ಜಾರಿಯಾಗಿದ್ದು 2017ರ ಏಪ್ರಿಲ್‌ನಲ್ಲಿ. ಅವತ್ತಿಂದ ಇವರ ಕೈ ಕಟ್ಟಿಹಾಕಿದ್ದು ಯಾರು? ಕ್ಯಾನ್ಸರಿನಿಂದ, ಅದರ ಚಿಕಿತ್ಸೆಯಿಂದ ದುಡಿಯೋ ಶಕ್ತಿ ಕಳೆದುಕೊಂಡವರನ್ನು ಆ ಪಟ್ಟಿಗೆ ಸೇರಿಸಿ. ಕೇಳ್ತಿರೋದು ಅಷ್ಟೇ, ಭಿಕ್ಷೆ ಅಲ್ಲ.